ಹಳೆಯ ಕಾರಿಗೆ ಎರಡು ಪೆಟ್ರೋಲ್ ಪಂಪ್: ಒಂದು ಕೆಟ್ಟರೆ ಇನ್ನೊಂದು ಕಾಪಾಡುತ್ತದೆಯೇ?

ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್‌ನಂತಹ ಹಳೆಯ ಕಾರುಗಳನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡವರು ನಮ್ಮಲ್ಲಿ ಇದ್ದಾರೆ. ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಇಂಜಿನ್ ಇದ್ದಕ್ಕಿದ್ದಂತೆ ನಿಲ್ಲುವುದು, ತಿಂಗಳುಗಟ್ಟಲೆ ಶೆಡ್ಡಿನಲ್ಲಿದ್ದ ಕಾರು ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗದಿರುವುದು ಅವರಿಗೆಲ್ಲ ಪರಿಚಿತ ತಾಪತ್ರಯ. ಇದಕ್ಕೆ ಸಿಗುವ ಸಾಮಾನ್ಯ ಸಲಹೆಯೊಂದಿದೆ: “ಹಳೇ ಪಂಪ್ ಹಾಗೇ ಇರಲಿ, ಜೊತೆಗೊಂದು ಎಲೆಕ್ಟ್ರಿಕ್ ಪಂಪ್ ಹಾಕಿಸಿಬಿಡಿ. ಒಂದು ಕೈಕೊಟ್ಟರೆ ಇನ್ನೊಂದು ಇರುತ್ತೆ.”

ಈ ಸಲಹೆ ಎಷ್ಟು ಸರಿ? ಚುಟುಕಾಗಿ ಹೇಳುವುದಾದರೆ, ಅರ್ಧ ಸರಿ. ಎರಡೂ ಪಂಪ್‌ಗಳು ಒಂದೇ ಕಾರಿನಲ್ಲಿ ಒಟ್ಟಿಗೆ ಕೆಲಸ ಮಾಡಬಲ್ಲವು. ಮೇಲೆ ಹೇಳಿದ ಎರಡೂ ತಾಪತ್ರಯಗಳಿಗೆ ಅದರಿಂದ ಪರಿಹಾರ ಸಿಗಬಹುದು. ಆದರೆ “ಒಂದು ಕೆಟ್ಟರೆ ಇನ್ನೊಂದು ಇರುತ್ತೆ” ಎನ್ನುವ ಮಾತಿನಲ್ಲೇ ಅಪಾಯವೂ ಅಡಗಿದೆ. ಎರಡನೆಯ ಪಂಪ್ ಹಲವು ಬಾರಿ ಮೊದಲನೆಯದರ ಕೆಡುಕನ್ನು ಸರಿಪಡಿಸುವುದಿಲ್ಲ, ಅದನ್ನು ನಮ್ಮ ಕಣ್ಣಿಗೆ ಬೀಳದಂತೆ ಮುಚ್ಚಿಡುತ್ತದೆ. ಅದು ಹೇಗೆ ಎಂದು ತಿಳಿಯಲು ಮೊದಲು ಈ ಎರಡು ಪಂಪ್‌ಗಳ ಕೆಲಸವನ್ನು ನೋಡೋಣ.

ಇಂಜಿನ್ನೇ ಓಡಿಸುವ ಪಂಪ್

ಹಳೆಯ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕ್ ಸಾಮಾನ್ಯವಾಗಿ ಹಿಂದೆ, ಡಿಕ್ಕಿಯ ಬಳಿ ಇರುತ್ತದೆ. ಕಾರ್ಬ್ಯುರೇಟರ್ ಮುಂದೆ, ಇಂಜಿನ್ ಮೇಲಿರುತ್ತದೆ. ಟ್ಯಾಂಕಿನಿಂದ ಕಾರ್ಬ್ಯುರೇಟರ್‌ಗೆ ಪೆಟ್ರೋಲ್ ಮುಟ್ಟಿಸುವುದು ಪಂಪ್‌ನ ಕೆಲಸ. ಪದ್ಮಿನಿ, ಹೆರಾಲ್ಡ್, ಕಾರ್ಬ್ಯುರೇಟರ್ ಇದ್ದ ಕಾಲದ ಮಾರುತಿ 800 ಇವುಗಳಲ್ಲೆಲ್ಲ ಈ ಕೆಲಸ ಮಾಡುವುದು ಇಂಜಿನ್‌ಗೇ ಬೋಲ್ಟ್ ಮಾಡಿದ ಮೆಕ್ಯಾನಿಕಲ್ ಪಂಪ್. ಹಳೆಯ ಆಟೊಮೊಬೈಲ್ ಪಠ್ಯಗಳಲ್ಲಿ ಇದಕ್ಕೆ ‘ಎ.ಸಿ. ಪಂಪ್’ ಎಂಬ ಹೆಸರೂ ಇದೆ. ಏರ್ ಕಂಡಿಷನರ್‌ಗೂ ಇದಕ್ಕೂ ಸಂಬಂಧವಿಲ್ಲ. ಎ.ಸಿ. ಎನ್ನುವುದು ಒಂದು ಬ್ರ್ಯಾಂಡ್. ಆ ಕಂಪನಿಯನ್ನು ಸ್ಥಾಪಿಸಿದ ಆಲ್ಬರ್ಟ್ ಚಾಂಪಿಯನ್ ಅವರ ಹೆಸರಿನ ಮೊದಲ ಅಕ್ಷರಗಳವು.

ಇದರ ಒಳಗೆ ಇರುವುದು ಬಹಳ ಸರಳವಾದ ವ್ಯವಸ್ಥೆ. ರಬ್ಬರ್ ಲೇಪಿಸಿದ ಬಟ್ಟೆಯ ಒಂದು ಪೊರೆ, ಅಂದರೆ ಡಯಾಫ್ರಂ. ಅದರ ಕೆಳಗೆ ಒಂದು ಸ್ಪ್ರಿಂಗ್. ಪೆಟ್ರೋಲ್ ಒಳಬರಲು ಒಂದು ವಾಲ್ವ್, ಹೊರಹೋಗಲು ಇನ್ನೊಂದು. ಎರಡೂ ಒಂದೇ ದಿಕ್ಕಿಗೆ ತೆರೆಯುವಂಥವು. ಇಂಜಿನ್‌ನ ಕ್ಯಾಮ್‌ಶಾಫ್ಟ್ ತಿರುಗಿದಂತೆ ಒಂದು ಲಿವರ್ ಡಯಾಫ್ರಂ ಅನ್ನು ಕೆಳಕ್ಕೆ ಎಳೆಯುತ್ತದೆ. ಆಗ ಟ್ಯಾಂಕಿನಿಂದ ಪೆಟ್ರೋಲ್ ಎಳೆದುಕೊಂಡು ಬರುತ್ತದೆ. ಲಿವರ್ ಹಿಡಿತ ಬಿಟ್ಟಾಗ ಸ್ಪ್ರಿಂಗ್ ಡಯಾಫ್ರಂ ಅನ್ನು ಮೇಲಕ್ಕೆ ತಳ್ಳುತ್ತದೆ. ಪೆಟ್ರೋಲ್ ಕಾರ್ಬ್ಯುರೇಟರ್ ಕಡೆಗೆ ಹೋಗುತ್ತದೆ.

ಇಲ್ಲೊಂದು ಸಂಗತಿಯನ್ನು ಗಮನಿಸಿ. ಪೆಟ್ರೋಲ್ ಅನ್ನು ಎಳೆಯುವುದು ಇಂಜಿನ್, ಆದರೆ ಮುಂದಕ್ಕೆ ತಳ್ಳುವುದು ಸ್ಪ್ರಿಂಗ್. ಆದ್ದರಿಂದ ಇಂಜಿನ್ ಎಷ್ಟೇ ಜೋರಾಗಿ ಓಡಿದರೂ ಪಂಪ್ ಕೊಡುವ ಒತ್ತಡ ಆ ಸ್ಪ್ರಿಂಗ್‌ನ ಬಲವನ್ನು ಮೀರುವುದಿಲ್ಲ. ಹಳೆಯ ಸಣ್ಣ ಕಾರುಗಳಲ್ಲಿ ಇದು ಸುಮಾರು 2ರಿಂದ 4 ಪಿಎಸ್‌ಐ. ಕಾರಿನ ಟೈರಿಗೆ ನಾವು ತುಂಬಿಸುವ ಗಾಳಿಯ ಒತ್ತಡ ಸುಮಾರು 30 ಪಿಎಸ್‌ಐ. ಅದರ ಹತ್ತನೇ ಒಂದು ಭಾಗದಷ್ಟು ಎಂದುಕೊಳ್ಳಿ.

ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಸಂಗ್ರಹವಾಗುವ ಪುಟ್ಟ ತೊಟ್ಟಿಗೆ ಫ್ಲೋಟ್ ಚೇಂಬರ್ ಎನ್ನುತ್ತಾರೆ. ನಮ್ಮ ಮನೆಯ ನೀರಿನ ತೊಟ್ಟಿಯಲ್ಲಿ ಚೆಂಡಿನಂಥ ಫ್ಲೋಟ್ ಮೇಲೆದ್ದಾಗ ನಲ್ಲಿ ಮುಚ್ಚಿಕೊಳ್ಳುತ್ತದಲ್ಲ, ಇಲ್ಲಿಯೂ ಹಾಗೆಯೇ. ತೊಟ್ಟಿ ತುಂಬಿದಾಗ ಫ್ಲೋಟ್ ಮೇಲೆದ್ದು ಒಂದು ಸೂಜಿಯನ್ನು ಒತ್ತಿ ದಾರಿ ಮುಚ್ಚುತ್ತದೆ. ಇದು ನೀಡಲ್ ವಾಲ್ವ್. ದಾರಿ ಮುಚ್ಚಿದಾಗ ಪಂಪ್‌ನ ಡಯಾಫ್ರಂ ಕೆಳಗೇ ಉಳಿಯುತ್ತದೆ, ಲಿವರ್ ಸುಮ್ಮನೆ ಆಡುತ್ತಿರುತ್ತದೆ. ಯಾವ ಸ್ವಿಚ್ಚೂ ಬೇಡ, ವೈರೂ ಬೇಡ. ಇಂಜಿನ್ ನಿಂತರೆ ಪಂಪ್ ಕೂಡ ನಿಲ್ಲುತ್ತದೆ.

ಕರೆಂಟಿನಿಂದ ಓಡುವ ಪಂಪ್

ಹಳೆಯ ಕಾರಿಗೆ ಎಲೆಕ್ಟ್ರಿಕ್ ಪಂಪ್ ಎಂದರೆ ಹೊಸಗಾಲದ ಜೋಡಣೆ ಎಂದು ಹಲವರು ಭಾವಿಸುತ್ತಾರೆ. ಇದು ನಿಜವಲ್ಲ. ಬ್ರಿಟನ್ನಿನ ಮಾರಿಸ್ ಮೈನರ್ ಕಾರು ಕಂಪನಿಯಿಂದಲೇ ‘ಎಸ್‌ಯು’ ಎಂಬ ಎಲೆಕ್ಟ್ರಿಕ್ ಪಂಪ್ ಹಾಕಿಕೊಂಡು ಬರುತ್ತಿತ್ತು. ಅದರಲ್ಲಿಯೂ ಡಯಾಫ್ರಂ ಇದೆ. ಆದರೆ ಅದನ್ನು ಎಳೆಯುವುದು ಕ್ಯಾಮ್‌ಶಾಫ್ಟ್ ಅಲ್ಲ, ವಿದ್ಯುತ್ ಅಯಸ್ಕಾಂತ. ಇಗ್ನಿಷನ್ ಕೀ ತಿರುಗಿಸಿದ ಕೂಡಲೇ ಅದು ಟಿಕ್ ಟಿಕ್ ಎನ್ನಲು ಶುರುಮಾಡುತ್ತದೆ. ಫ್ಲೋಟ್ ಚೇಂಬರ್ ತುಂಬಿದ ಮೇಲೆ ಸದ್ದು ನಿಧಾನವಾಗುತ್ತದೆ. ಬಹಳ ದಿನ ನಿಂತ ಕಾರಿನಲ್ಲಿ ಅದರ ಕಾಂಟ್ಯಾಕ್ಟ್ ಪಾಯಿಂಟ್‌ಗಳಿಗೆ ಕಿಲುಬು ಕಟ್ಟಿ ಪಂಪ್ ಮುಷ್ಕರ ಹೂಡುವುದುಂಟು. ಮೆಲ್ಲಗೆ ಒಂದು ಏಟು ಕೊಟ್ಟರೆ ಮತ್ತೆ ಓಡುತ್ತದೆ ಎನ್ನುವುದು ಆ ಕಾರುಗಳ ಮಾಲೀಕರಿಗೆಲ್ಲ ಗೊತ್ತಿರುವ ಉಪಾಯ. ಇಂದು ಸಿಗುವ ಚಿಕ್ಕ ಎಲೆಕ್ಟ್ರಿಕ್ ಪಂಪ್‌ಗಳಲ್ಲಿ ಈ ಪಾಯಿಂಟ್‌ಗಳ ಬದಲು ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇರುತ್ತದೆ.

ಎರಡರ ನಡುವೆ ಸ್ವಭಾವದ ವ್ಯತ್ಯಾಸವೂ ಇದೆ. ಇಂಜಿನ್ ಮೇಲಿನ ಪಂಪ್ ದೂರದಿಂದ ಎಳೆಯುತ್ತದೆ. ಈಗಿನ ಚಿಕ್ಕ ಎಲೆಕ್ಟ್ರಿಕ್ ಪಂಪ್‌ಗಳು ಎಳೆಯುವುದರಲ್ಲಿ ದುರ್ಬಲ, ತಳ್ಳುವುದರಲ್ಲಿ ಗಟ್ಟಿ. ಕೃಷಿಕರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ: ಬಾವಿಯ ದಡದ ಮೇಲಿಟ್ಟ ಮೋಟರು ಹೆಚ್ಚು ಆಳದಿಂದ ನೀರು ಎಳೆಯಲಾರದು, ನೀರಿನೊಳಗೇ ಇರುವ ಸಬ್‌ಮರ್ಸಿಬಲ್ ಮೋಟರು ಎಷ್ಟೋ ಅಡಿ ಮೇಲಕ್ಕೆ ತಳ್ಳುತ್ತದೆ. ಹಾಗಾಗಿ ಎಲೆಕ್ಟ್ರಿಕ್ ಪಂಪ್ ಅನ್ನು ಟ್ಯಾಂಕಿನ ಹತ್ತಿರ, ಆದಷ್ಟು ಟ್ಯಾಂಕಿನ ತಳದ ಮಟ್ಟದಲ್ಲಿ ಹಾಕಬೇಕು. ಇಂಜಿನ್ ಪಕ್ಕ ಜಾಗವಿದೆ ಎಂದು ಅಲ್ಲಿ ಹಾಕಿದರೆ ಅದಕ್ಕೆ ಬಲವಿಲ್ಲದ ಕೆಲಸವನ್ನೇ ಕೊಟ್ಟಂತಾಗುತ್ತದೆ.

ಎರಡನೆಯ ಪಂಪ್ ಏಕೆ ಬೇಕೆನಿಸುತ್ತದೆ?

ಮೊದಲ ಕಾರಣ, ವೇಪರ್ ಲಾಕ್. ಪೆಟ್ರೋಲ್ ಹಲವು ದ್ರವಗಳ ಮಿಶ್ರಣ. ಅದರ ಹಗುರವಾದ ಅಂಶಗಳು ಸುಮಾರು 35ರಿಂದ 40 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯಲು ಆರಂಭಿಸುತ್ತವೆ. ಒತ್ತಡ ಕಡಿಮೆಯಾದರೆ ದ್ರವ ಇನ್ನೂ ಬೇಗ ಕುದಿಯುತ್ತದೆ, ಒತ್ತಡ ಹೆಚ್ಚಿದರೆ ತಡವಾಗಿ ಕುದಿಯುತ್ತದೆ. ಕುಕ್ಕರ್ ಕೆಲಸ ಮಾಡುವುದು ಇದೇ ನಿಯಮದ ಮೇಲೆ. ಮೆಕ್ಯಾನಿಕಲ್ ಪಂಪ್ ಪೆಟ್ರೋಲ್ ಅನ್ನು ಎಳೆಯುವಾಗ ಟ್ಯಾಂಕಿನಿಂದ ಪಂಪ್‌ವರೆಗಿನ ಕೊಳವೆಯಲ್ಲಿ ಒತ್ತಡ ವಾತಾವರಣದ ಒತ್ತಡಕ್ಕಿಂತ ಕಡಿಮೆ ಇರುತ್ತದೆ. ಜೊತೆಗೆ ಪಂಪ್ ಕೂತಿರುವುದು ಬಿಸಿ ಇಂಜಿನ್ ಮೇಲೆ. ಶಿರಾಡಿ ಅಥವಾ ಚಾರ್ಮಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ಒಂದನೇ, ಎರಡನೇ ಗೇರಿನಲ್ಲಿ ಹತ್ತುವಾಗ ಗಾಳಿ ಕಡಿಮೆ, ಬಿಸಿ ಹೆಚ್ಚು. ಪೆಟ್ರೋಲ್ ಕೊಳವೆಯಲ್ಲೇ ಆವಿಯಾಗುತ್ತದೆ. ದ್ರವವನ್ನು ಎಳೆಯಲು ಮಾಡಿದ ಪಂಪ್ ಆವಿಯನ್ನು ಎಳೆಯಲಾರದೆ ಸೋಲುತ್ತದೆ. ಇಂಜಿನ್ ನಿಲ್ಲುತ್ತದೆ.

ಪಂಪ್ ಮೇಲೆ ಒದ್ದೆ ಬಟ್ಟೆ ಸುತ್ತುವ ಹಳೆಯ ಡ್ರೈವರ್‌ಗಳ ಉಪಾಯ ಮೂಢನಂಬಿಕೆಯಲ್ಲ. ಬಟ್ಟೆಯ ನೀರು ಆರುವಾಗ ಪಂಪ್‌ನ ಬಿಸಿಯನ್ನು ಹೀರಿಕೊಳ್ಳುತ್ತದೆ, ಒಳಗಿನ ಆವಿ ಮತ್ತೆ ದ್ರವವಾಗುತ್ತದೆ. ಆದರೆ ಬಟ್ಟೆ ಒಣಗುವವರೆಗೆ ಮಾತ್ರ ಅದರ ಪ್ರಯೋಜನ. ಟ್ಯಾಂಕಿನ ಬಳಿ ಎಲೆಕ್ಟ್ರಿಕ್ ಪಂಪ್ ಇದ್ದರೆ ಕೊಳವೆಯುದ್ದಕ್ಕೂ ಒತ್ತಡ ವಾತಾವರಣಕ್ಕಿಂತ ಮೇಲೆಯೇ ಇರುತ್ತದೆ. ಆವಿಯಾಗುವುದು ಕಡಿಮೆಯಾಗುತ್ತದೆ, ಆದ ಆವಿಯನ್ನೂ ಅದು ಮುಂದಕ್ಕೆ ತಳ್ಳುತ್ತದೆ.

ಎರಡನೆಯ ಕಾರಣ, ಬಹಳ ದಿನ ನಿಂತ ಕಾರು. ಫ್ಲೋಟ್ ಚೇಂಬರ್‌ನಲ್ಲಿದ್ದ ಪೆಟ್ರೋಲ್ ವಾರಗಳಲ್ಲಿ ಆರಿಹೋಗುತ್ತದೆ. ಮೆಕ್ಯಾನಿಕಲ್ ಪಂಪ್ ಓಡಬೇಕಾದರೆ ಇಂಜಿನ್ ತಿರುಗಬೇಕು, ಇಂಜಿನ್ ತಾನಾಗಿ ತಿರುಗಬೇಕಾದರೆ ಪೆಟ್ರೋಲ್ ಬೇಕು. ಈ ಸುತ್ತನ್ನು ಮುರಿಯಲು ಸೆಲ್ಫ್ ಹೊಡೆಯುತ್ತಲೇ ಇರಬೇಕು. ಬ್ಯಾಟರಿ ಸೋಲುತ್ತದೆ. ಕ್ಯಾಮ್‌ಶಾಫ್ಟ್ ಇಂಜಿನ್ನಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಸೆಲ್ಫ್ ಹೊಡೆಯುವಾಗ ಪಂಪ್‌ನ ಬಡಿತ ಬಹಳ ನಿಧಾನ. ಎಲೆಕ್ಟ್ರಿಕ್ ಪಂಪ್ ಇದ್ದರೆ ಕೆಲವೇ ಸೆಕೆಂಡುಗಳಲ್ಲಿ ಚೇಂಬರ್ ತುಂಬುತ್ತದೆ.

ಮೂರನೆಯ ಕಾರಣ ಇತ್ತೀಚಿನದು. ಶೇ. 20ರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲ್ ಅನ್ನು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಪ್ರಧಾನಿ ಬಿಡುಗಡೆ ಮಾಡಿದರು. ಈಗ ದೇಶದೆಲ್ಲೆಡೆ ಬಂಕ್‌ಗಳಲ್ಲಿ ಸಿಗುವುದು ಬಹುಪಾಲು ಇದೇ. ಹಳೆಯ ಪಂಪ್‌ಗಳ ಡಯಾಫ್ರಂ, ಹಳೆಯ ರಬ್ಬರ್ ಹೋಸ್‌ಗಳು ಎಥೆನಾಲ್‌ಗೆಂದು ಮಾಡಿದವಲ್ಲ. ಅವು ಊದಿಕೊಳ್ಳಬಹುದು, ಮೆತ್ತಗಾಗಬಹುದು, ಒಣಗಿದ ಮೇಲೆ ಬಿರಿಯಬಹುದು. ಡಯಾಫ್ರಂ ದುರ್ಬಲವಾದಾಗ “ಎಲೆಕ್ಟ್ರಿಕ್ ಹಾಕಿಸಿಬಿಡಿ” ಎಂಬ ಸಲಹೆ ಬರುತ್ತದೆ. ಈ ಸಲಹೆ ಅಪಾಯವಾಗುವುದು ಇಂಥ ಸಂದರ್ಭದಲ್ಲೇ. ಅದಕ್ಕೆ ಬರುವ ಮುನ್ನ ಎರಡು ಸಾಮಾನ್ಯ ನಂಬಿಕೆಗಳನ್ನು ಪರೀಕ್ಷಿಸೋಣ.

ನಂಬಿಕೆ 1: ಎರಡು ಪಂಪ್ ಇದ್ದರೆ ಒತ್ತಡ ಎರಡರಷ್ಟು

ಎಲೆಕ್ಟ್ರಿಕ್ ಪಂಪ್ ಟ್ಯಾಂಕಿನ ಬಳಿ, ಮೆಕ್ಯಾನಿಕಲ್ ಪಂಪ್ ಇಂಜಿನ್ ಮೇಲೆ, ಎರಡೂ ಒಂದೇ ಕೊಳವೆಯಲ್ಲಿ ಒಂದರ ಹಿಂದೆ ಒಂದು. ಒಂದು 3 ಪಿಎಸ್‌ಐ, ಇನ್ನೊಂದು 3 ಪಿಎಸ್‌ಐ. ಒಟ್ಟು 6 ಆಗಬೇಕಲ್ಲವೇ?

ಆಗುವುದಿಲ್ಲ. ಮೆಕ್ಯಾನಿಕಲ್ ಪಂಪ್ ತಳ್ಳುವಾಗ ಅದರ ಒಳಬರುವ ವಾಲ್ವ್ ಮುಚ್ಚಿರುತ್ತದೆ. ಹಿಂದಿನಿಂದ ಬರುವ ಒತ್ತಡ ಆ ಕ್ಷಣ ಅದಕ್ಕೆ ಸೇರುವುದಿಲ್ಲ. ತಳ್ಳುವುದು ಸ್ಪ್ರಿಂಗ್ ಒಂದೇ. ಹಾಗಾಗಿ ಎಲೆಕ್ಟ್ರಿಕ್ ಪಂಪ್ 2 ಕೊಟ್ಟು ಸ್ಪ್ರಿಂಗ್ 3 ಕೊಟ್ಟರೆ ಕಾರ್ಬ್ಯುರೇಟರ್‌ಗೆ ಸಿಗುವುದು 3. ಎಲೆಕ್ಟ್ರಿಕ್ ಪಂಪ್ 5 ಕೊಟ್ಟರೆ ಆ ಒತ್ತಡ ಡಯಾಫ್ರಂ ಅನ್ನು ಕೆಳಗೇ ಒತ್ತಿಹಿಡಿದು, ಎರಡೂ ವಾಲ್ವ್‌ಗಳನ್ನು ತೆರೆದುಕೊಂಡು ನೇರ ಕಾರ್ಬ್ಯುರೇಟರ್‌ಗೆ ಹೋಗುತ್ತದೆ. ಸಿಗುವುದು 5, ಎಂಟಲ್ಲ. ಅಂದರೆ ಒತ್ತಡಗಳು ಕೂಡುವುದಿಲ್ಲ, ಎರಡರಲ್ಲಿ ದೊಡ್ಡದು ಗೆಲ್ಲುತ್ತದೆ.

ಹಾಗೆಂದು ನಿಶ್ಚಿಂತರಾಗಿರುವಂತಿಲ್ಲ. 5 ಅಥವಾ 6 ಪಿಎಸ್‌ಐ ಕೊಡುವ ಪಂಪ್ ತಂದರೆ ಅದೊಂದೇ ಸಾಕು ಅನಾಹುತಕ್ಕೆ. ಫ್ಲೋಟ್ ಎಂಬ ಪುಟ್ಟ ಡಬ್ಬಿಯ ತೇಲುವ ಬಲ ಆ ಒತ್ತಡದ ಎದುರು ಸೂಜಿಯನ್ನು ಮುಚ್ಚಿಹಿಡಿಯಲಾರದು. ಪೆಟ್ರೋಲ್ ಉಕ್ಕಿ ಹರಿಯುತ್ತದೆ. ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಒದ್ದೆಯಾದ ಸ್ಪಾರ್ಕ್ ಪ್ಲಗ್ ಇದರ ಲಕ್ಷಣಗಳು. ಅಂಬಾಸಿಡರ್‌ನ 1489 ಸಿಸಿ ಬಿಎಂಸಿ ಪೆಟ್ರೋಲ್ ಇಂಜಿನ್‌ನಂತಹ ಕೆಲವು ಇಂಜಿನ್‌ಗಳಲ್ಲಿ ಕಾರ್ಬ್ಯುರೇಟರ್ ಮತ್ತು ಬಿಸಿ ಎಕ್ಸಾಸ್ಟ್ ಒಂದೇ ಪಕ್ಕದಲ್ಲಿವೆ. ಉಕ್ಕಿದ ಪೆಟ್ರೋಲ್ ಎಲ್ಲಿ ಬೀಳಬಹುದು ಎಂದು ಊಹಿಸಿಕೊಳ್ಳಿ. ಹೊಸ ಕಾರುಗಳ ಫ್ಯೂಯಲ್ ಇಂಜೆಕ್ಷನ್ ಪಂಪ್‌ಗಳಂತೂ 40 ಪಿಎಸ್‌ಐಗೂ ಮೀರಿದ ಒತ್ತಡಕ್ಕೆಂದು ಮಾಡಿದವು. ಅವನ್ನು ಕಾರ್ಬ್ಯುರೇಟರ್ ಕಾರಿಗೆ ನೇರವಾಗಿ ಜೋಡಿಸಲೇಬಾರದು.

ನಂಬಿಕೆ 2: ಹೆಚ್ಚು ಪೆಟ್ರೋಲ್ ಹೋದರೆ ಹೆಚ್ಚು ಪವರ್

ಒಂದು ಸ್ಥೂಲ ಲೆಕ್ಕ ಮಾಡೋಣ. ಪದ್ಮಿನಿಯಂತಹ ಕಾರು ಲೀಟರಿಗೆ 12 ಕಿ.ಮೀ. ಕೊಡುತ್ತದೆ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಎಂದುಕೊಳ್ಳಿ. ಗಂಟೆಗೆ 5 ಲೀಟರ್ ಬೇಕು. ಅಂದರೆ ನಿಮಿಷಕ್ಕೆ ಸುಮಾರು 83 ಮಿಲಿಲೀಟರ್, ಹೋಟೆಲಿನ ಒಂದು ಸಣ್ಣ ಲೋಟ ಕಾಫಿಯಷ್ಟು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಇದರ ಎರಡು, ಎರಡೂವರೆ ಪಟ್ಟು ಆಗಬಹುದು. ಸುಸ್ಥಿತಿಯಲ್ಲಿರುವ ಯಾವ ಪಂಪ್‌ಗೂ ಇದು ಭಾರವಲ್ಲ. ಇಂಜಿನ್‌ಗೆ ಎಷ್ಟು ಪೆಟ್ರೋಲ್ ಹೋಗಬೇಕೆಂದು ತೀರ್ಮಾನಿಸುವುದು ಕಾರ್ಬ್ಯುರೇಟರ್‌ನ ಜೆಟ್‌ಗಳು, ಪಂಪ್ ಅಲ್ಲ. ತೊಟ್ಟಿಗೆ ಎರಡು ಮೋಟರು ಹಾಕಿದರೆ ಬಚ್ಚಲಿನ ನಲ್ಲಿಯಲ್ಲಿ ನೀರು ಹೆಚ್ಚು ಬರುವುದಿಲ್ಲವಲ್ಲ, ಹಾಗೆ. ಕೆಟ್ಟ ಪಂಪ್‌ನಿಂದ ಪೆಟ್ರೋಲ್ ಸಾಲದೆ ಕಾರು ಎಳೆಯದಿದ್ದರೆ ಮಾತ್ರ ಹೊಸ ಪಂಪ್ ಹಾಕಿದಾಗ ವ್ಯತ್ಯಾಸ ಕಾಣುತ್ತದೆ.

ನಂಬಿಕೆ 3: ಒಂದು ಕೆಟ್ಟರೆ ಇನ್ನೊಂದು ಕಾಪಾಡುತ್ತದೆ

ಮೂರರಲ್ಲಿ ಮುಖ್ಯವಾದದ್ದು ಇದು. ಮೆಕ್ಯಾನಿಕಲ್ ಪಂಪ್‌ನ ಡಯಾಫ್ರಂ ಹರಿಯಿತು ಎಂದುಕೊಳ್ಳಿ. ಡಯಾಫ್ರಂನ ಮೇಲೆ ಪೆಟ್ರೋಲ್, ಕೆಳಗೆ ಲಿವರ್. ಆ ಲಿವರ್‌ನ ಇನ್ನೊಂದು ತುದಿ ಇಂಜಿನ್ನಿನ ಒಳಗೆ, ಇಂಜಿನ್ ಆಯಿಲ್ ಇರುವ ಜಾಗದಲ್ಲಿದೆ. ಅಂದರೆ ಪೆಟ್ರೋಲ್‌ಗೂ ಇಂಜಿನ್ ಆಯಿಲ್‌ಗೂ ನಡುವೆ ಇರುವ ಗೋಡೆ ಆ ತೆಳುವಾದ ಪೊರೆಯೇ.

ಕಾರಿನಲ್ಲಿ ಮೆಕ್ಯಾನಿಕಲ್ ಪಂಪ್ ಒಂದೇ ಇದ್ದರೆ ಏನಾಗುತ್ತದೆ? ಹರಿದ ಪೊರೆ ಸರಿಯಾಗಿ ಎಳೆಯಲಾರದು. ಇಂಜಿನ್ ಮಿಸ್ ಹೊಡೆಯುತ್ತದೆ, ಏರಿನಲ್ಲಿ ಸೋಲುತ್ತದೆ, ಕೊನೆಗೆ ನಿಲ್ಲುತ್ತದೆ. ನಿಮಗೆ ತೊಂದರೆಯಾಗುತ್ತದೆ ನಿಜ. ಆದರೆ ಕೆಡುಕು ತಾನಾಗಿಯೇ ತನ್ನನ್ನು ಹೇಳಿಕೊಂಡಿತು. ಪೆಟ್ರೋಲ್ ಒಂದಿಷ್ಟು ಆಯಿಲ್‌ಗೆ ಸೇರಿರಬಹುದು, ಆದರೆ ಇಂಜಿನ್ ನಿಂತ ಮೇಲೆ ಅದೂ ನಿಂತಿತು.

ಈಗ ಅದೇ ಕಾರಿಗೆ ಹಿಂದಿನಿಂದ ಎಲೆಕ್ಟ್ರಿಕ್ ಪಂಪ್ ತಳ್ಳುತ್ತಿದೆ ಎಂದುಕೊಳ್ಳಿ. ಪೊರೆ ಹರಿದರೂ ಕಾರ್ಬ್ಯುರೇಟರ್‌ಗೆ ಪೆಟ್ರೋಲ್ ಮುಟ್ಟುತ್ತಲೇ ಇರುತ್ತದೆ. ಕಾರು ಎಂದಿನಂತೆ ಓಡುತ್ತದೆ. ಓಡಿಸುವವರಿಗೆ ಯಾವ ಸುಳಿವೂ ಸಿಗುವುದಿಲ್ಲ. ಆದರೆ ಹರಿದ ಜಾಗದಿಂದ ಪೆಟ್ರೋಲ್ ಒತ್ತಡದೊಂದಿಗೆ ಕೆಳಗೆ ನುಗ್ಗುತ್ತಿರುತ್ತದೆ. ಕೆಲವು ಪಂಪ್‌ಗಳಲ್ಲಿ ಇಂಥ ಸೋರಿಕೆ ಹೊರಗೆ ಬೀಳಲೆಂದು ಚಿಕ್ಕ ರಂಧ್ರವಿರುತ್ತದೆ. ಆಗ ಬಿಸಿ ಇಂಜಿನ್ ಪಕ್ಕದಲ್ಲಿ ಪೆಟ್ರೋಲ್ ತೊಟ್ಟಿಕ್ಕುತ್ತದೆ. ರಂಧ್ರವಿಲ್ಲದಿದ್ದರೆ ಅಥವಾ ಕೊಳೆಯಿಂದ ಮುಚ್ಚಿದ್ದರೆ ಪೆಟ್ರೋಲ್ ನೇರ ಇಂಜಿನ್ ಆಯಿಲ್‌ಗೆ ಸೇರುತ್ತದೆ. ಸಣ್ಣ ಕಾರಿನ ಇಂಜಿನ್‌ನಲ್ಲಿರುವ ಆಯಿಲ್ ಮೂರು ನಾಲ್ಕು ಲೀಟರ್ ಅಷ್ಟೇ. ಅದು ತೆಳುವಾದಂತೆ ಬೇರಿಂಗ್‌ಗಳು ಸವೆಯುತ್ತವೆ, ಇಂಜಿನ್ನಿನ ಹೊಟ್ಟೆಯಲ್ಲಿ ಹೊತ್ತಿಕೊಳ್ಳಬಲ್ಲ ಆವಿ ತುಂಬಿಕೊಳ್ಳುತ್ತದೆ.

ಹಾಗಾಗಿ ಡಯಾಫ್ರಂ ದುರ್ಬಲವಾಗಿದೆ ಎಂಬ ಕಾರಣಕ್ಕೆ ಎಲೆಕ್ಟ್ರಿಕ್ ಪಂಪ್ ಜೋಡಿಸಿ ಹಳೆಯದನ್ನು ಹಾಗೆಯೇ ಬಿಡುವುದು ಅತ್ಯಂತ ಕೆಟ್ಟ ಆಯ್ಕೆ. ದುರ್ಬಲ ಗೋಡೆಯ ಹಿಂದೆ ನೀರು ಕಟ್ಟಿದಂತೆ ಅದು.

ಇದೇ ಬಗೆಯ ಇನ್ನೊಂದು ಬದಲಾವಣೆ ಹೋಸ್‌ಗಳಲ್ಲಿ ಆಗುತ್ತದೆ. ಎಳೆಯುವ ಪಂಪ್ ಮಾತ್ರ ಇದ್ದಾಗ ಬಿರುಕು ಬಿಟ್ಟ ಹೋಸ್ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಕಾರು ಓಡುತ್ತಿರುವಾಗ ಒಂದು ಹನಿಯೂ ಹೊರಬೀಳದಿರಬಹುದು. ಟ್ಯಾಂಕಿನ ಬಳಿ ತಳ್ಳುವ ಪಂಪ್ ಬಂದ ಕೂಡಲೇ ಅದೇ ಬಿರುಕಿನಿಂದ ಪೆಟ್ರೋಲ್ ಹೊರಗೆ ಚಿಮ್ಮುತ್ತದೆ. ಆದ್ದರಿಂದ ಎಲೆಕ್ಟ್ರಿಕ್ ಪಂಪ್ ಹಾಕುವ ಮುನ್ನ ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗಿನ ಎಲ್ಲ ರಬ್ಬರ್ ಹೋಸ್ ಮತ್ತು ಕ್ಲಿಪ್‌ಗಳನ್ನು ಬದಲಿಸುವುದು ಮೊದಲ ಕೆಲಸ. ಎಥೆನಾಲ್ ತಾಳುವ ಹೋಸ್ ಎಂದು ಕೇಳಿಯೇ ತನ್ನಿ.

ಅಪಘಾತವಾದರೆ?

ಮೆಕ್ಯಾನಿಕಲ್ ಪಂಪ್‌ನ ದೊಡ್ಡ ಗುಣ, ಇಂಜಿನ್ ನಿಂತರೆ ಅದೂ ನಿಲ್ಲುತ್ತದೆ. ಎಲೆಕ್ಟ್ರಿಕ್ ಪಂಪ್‌ಗೆ ಇಂಜಿನ್ ಗೊತ್ತಿಲ್ಲ, ಸ್ವಿಚ್ ಮಾತ್ರ ಗೊತ್ತು. ಕಾರು ಎಲ್ಲಿಗೋ ಗುದ್ದಿ, ಕೊಳವೆ ಮುರಿದು, ಓಡಿಸುತ್ತಿದ್ದವರು ಕೀ ತೆಗೆಯುವ ಸ್ಥಿತಿಯಲ್ಲಿಲ್ಲದಿದ್ದರೆ ಪಂಪ್ ಟ್ಯಾಂಕಿನ ಪೆಟ್ರೋಲ್ ಅನ್ನು ರಸ್ತೆಗೆ ಸುರಿಯುತ್ತಲೇ ಇರುತ್ತದೆ.

ಇದನ್ನು ತಡೆಯಲು ಮೂರು ವಿಧಾನಗಳಿವೆ. ಒಂದು, ಇನರ್ಷಿಯಾ ಸ್ವಿಚ್. ಇದರೊಳಗೆ ಅಯಸ್ಕಾಂತ ಹಿಡಿದಿಟ್ಟ ಉಕ್ಕಿನ ಗುಂಡೊಂದು ಇರುತ್ತದೆ. ಜೋರಾದ ಹೊಡೆತಕ್ಕೆ ಗುಂಡು ಜಾರಿ ಕರೆಂಟು ಕಡಿತವಾಗುತ್ತದೆ, ಮತ್ತೆ ಬೇಕಾದಾಗ ಮೇಲಿನ ಗುಂಡಿ ಒತ್ತಬೇಕು. ಎರಡು, ಆಯಿಲ್ ಪ್ರೆಶರ್ ಸ್ವಿಚ್. ಇಂಜಿನ್ ನಿಂತು ಆಯಿಲ್ ಒತ್ತಡ ಬಿದ್ದರೆ ಪಂಪ್ ಆಫ್. ಸ್ಟಾರ್ಟ್ ಮಾಡುವಾಗ ಮಾತ್ರ ಸೆಲ್ಫ್‌ನ ವೈರಿನಿಂದ ಅದಕ್ಕೆ ಬೇರೆ ದಾರಿಯಲ್ಲಿ ಕರೆಂಟು ಕೊಡಲಾಗುತ್ತದೆ. ಮೂರು, ಇಗ್ನಿಷನ್ ಕಾಯಿಲ್‌ನ ಮಿಡಿತವನ್ನು ಗಮನಿಸುವ ರಿಲೇ. ಮಿಡಿತ ನಿಂತರೆ ಪಂಪ್ ಕೂಡ ನಿಲ್ಲುತ್ತದೆ. ಮೊದಲನೆಯದು ಗುದ್ದಿದಾಗ ಕೆಲಸ ಮಾಡುತ್ತದೆ, ಉಳಿದೆರಡು ಇಂಜಿನ್ ಯಾವ ಕಾರಣಕ್ಕೆ ನಿಂತರೂ ಕೆಲಸ ಮಾಡುತ್ತವೆ. ಇನರ್ಷಿಯಾ ಸ್ವಿಚ್ ಜೊತೆಗೆ ಉಳಿದೆರಡರಲ್ಲಿ ಒಂದು ಇದ್ದರೆ ಒಳ್ಳೆಯದು. ಯಾವುದೂ ಇಲ್ಲದೆ, ಬರೀ ಇಗ್ನಿಷನ್ ವೈರಿಗೆ ಪಂಪ್ ಕಟ್ಟಿ ಕಳಿಸಿದ್ದರೆ ಆ ಕೆಲಸ ಅರ್ಧವೇ ಆಗಿದೆ ಎಂದರ್ಥ.

ವಿಮಾನಗಳು ಇದನ್ನು ಹೇಗೆ ಮಾಡುತ್ತವೆ?

ಎರಡು ಬಗೆಯ ಪಂಪ್‌ಗಳನ್ನು ಒಟ್ಟಿಗೆ ಬಳಸುವುದು ತಪ್ಪೇ ಎಂದು ಕೇಳಿದರೆ, ಅಲ್ಲ. ಪೈಪರ್ ಚೆರೋಕಿಯಂತಹ ಚಿಕ್ಕ ವಿಮಾನಗಳಲ್ಲಿ ರೆಕ್ಕೆ ಕೆಳಗಿದೆ, ಟ್ಯಾಂಕ್ ರೆಕ್ಕೆಯೊಳಗಿದೆ, ಇಂಜಿನ್ ಅದಕ್ಕಿಂತ ಮೇಲಿದೆ. ಹಾಗಾಗಿ ಇಂಜಿನ್ ಓಡಿಸುವ ಒಂದು ಪಂಪ್, ಜೊತೆಗೆ ಒಂದು ಎಲೆಕ್ಟ್ರಿಕ್ ಪಂಪ್ ಇರುತ್ತದೆ. ರೆಕ್ಕೆ ಮೇಲಿರುವ, ಕಾರ್ಬ್ಯುರೇಟರ್ ಇದ್ದ ಸೆಸ್ನಾ 172 ವಿಮಾನಗಳಲ್ಲಿ ಪೆಟ್ರೋಲ್ ತಾನಾಗಿ ಕೆಳಗಿಳಿಯುವುದರಿಂದ ಪಂಪ್‌ನ ಅಗತ್ಯವೇ ಇಲ್ಲ.

ಚೆರೋಕಿಯ ಪೈಲಟ್ ಎಲೆಕ್ಟ್ರಿಕ್ ಪಂಪ್ ಅನ್ನು ಟೇಕಾಫ್, ಲ್ಯಾಂಡಿಂಗ್, ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಬದಲಿಸುವಾಗ ಹಾಕುತ್ತಾರೆ. ಉಳಿದ ಹೊತ್ತು ಆಫ್ ಮಾಡುತ್ತಾರೆ. ಆಫ್ ಮಾಡಿದಾಗ ಒತ್ತಡದ ಗೇಜ್ ನೋಡುತ್ತಾರೆ: ಇಂಜಿನ್ ಪಂಪ್ ಒಂಟಿಯಾಗಿ ಕೆಲಸ ಮಾಡುತ್ತಿದೆಯೇ? ಎರಡು ಪಂಪ್‌ಗಳ ವ್ಯವಸ್ಥೆಯನ್ನು ಸುರಕ್ಷಿತವಾಗಿಸುವುದು ಈ ಪರೀಕ್ಷೆ. ಎರಡನ್ನೂ ಸದಾ ಓಡಿಸಿಕೊಂಡಿದ್ದರೆ ಯಾವುದು ಜೀವಂತವಾಗಿದೆ, ಯಾವುದು ಸತ್ತಿದೆ ಎಂದು ಗೊತ್ತಾಗುವುದೇ ಇಲ್ಲ. ಕಾರಿಗೂ ಇದೇ ಪಾಠ ಅನ್ವಯಿಸುತ್ತದೆ.

ಹಾಗಾದರೆ ಯಾವ ವ್ಯವಸ್ಥೆ ಸೂಕ್ತ?

*ಮೆಕ್ಯಾನಿಕಲ್ ಒಂದೇ.* ವಾರಕ್ಕೊಮ್ಮೆಯಾದರೂ ಓಡುವ, ಘಾಟಿಯಲ್ಲಿ ತೊಂದರೆ ಕೊಡದ ಕಾರಿಗೆ ಇದೇ ಸಾಕು. ಎಥೆನಾಲ್ ತಾಳುವ ಡಯಾಫ್ರಂ ಇರುವ ರಿಪೇರಿ ಕಿಟ್ ಹಾಕಿಸಿ. ಪೆಟ್ರೋಲ್ ಕೊಳವೆ ಎಕ್ಸಾಸ್ಟ್‌ಗೆ ತಾಗುವಂತಿದ್ದರೆ ದೂರ ಸರಿಸಿ. ವೇಪರ್ ಲಾಕ್ ಎಂದುಕೊಂಡ ಎಷ್ಟೋ ತೊಂದರೆಗಳು ಇಷ್ಟಕ್ಕೇ ಹೋಗುತ್ತವೆ.

*ಎರಡೂ ಇರಲಿ, ಎಲೆಕ್ಟ್ರಿಕ್ ಬೇಕಾದಾಗ ಮಾತ್ರ.* ಒತ್ತಿಹಿಡಿದಷ್ಟು ಹೊತ್ತು ಮಾತ್ರ ಓಡುವ ಸ್ವಿಚ್ ಇದ್ದರೆ ಉತ್ತಮ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನ ಹತ್ತು ಹದಿನೈದು ಸೆಕೆಂಡು, ಘಾಟಿಯಲ್ಲಿ ಇಂಜಿನ್ ಸೋಲುವ ಸೂಚನೆ ಕಂಡಾಗ ಒಂದಿಷ್ಟು ಹೊತ್ತು. ಕೈ ತೆಗೆದರೆ ಆಫ್ ಆಗುವುದರಿಂದ ಮರೆತುಬಿಡುವ ಭಯವಿಲ್ಲ. ಹಳೆಯ ಕಾರನ್ನು ಮೂಲರೂಪದಲ್ಲೇ ಇಟ್ಟುಕೊಳ್ಳಬೇಕು ಎನ್ನುವವರಿಗೆ ಇದು ಒಳ್ಳೆಯ ರಾಜಿ. ಒಂದೇ ಷರತ್ತು, ಆಫ್ ಇರುವಾಗ ತನ್ನ ಮೂಲಕ ಪೆಟ್ರೋಲ್ ಹಾದುಹೋಗಲು ಬಿಡುವ ಪಂಪ್ ಬೇಕು. ಕೆಲವು ಪಂಪ್‌ಗಳು ಬಿಡುತ್ತವೆ, ಕೆಲವು ಬಿಡುವುದಿಲ್ಲ. ಬಿಡದಿದ್ದರೆ ಎಲೆಕ್ಟ್ರಿಕ್ ಪಂಪ್‌ಗೆ ಪಕ್ಕದ ದಾರಿ ಮಾಡಿ, ಒಂದೇ ದಿಕ್ಕಿಗೆ ತೆರೆಯುವ ವಾಲ್ವ್ ಹಾಕಬೇಕಾಗುತ್ತದೆ.

*ಎಲೆಕ್ಟ್ರಿಕ್ ಒಂದೇ.* ಮೆಕ್ಯಾನಿಕಲ್ ಪಂಪ್ ಹಾಳಾಗಿ ಬಿಡಿಭಾಗ ಸಿಗದಿದ್ದರೆ ಅದನ್ನು ತೆಗೆದು, ಇಂಜಿನ್‌ನಲ್ಲಿ ಉಳಿಯುವ ತೂತಿಗೆ ಗ್ಯಾಸ್ಕೆಟ್ ಸಹಿತ ತಗಡು ಮುಚ್ಚಿ, ಎಲೆಕ್ಟ್ರಿಕ್ ಪಂಪ್‌ನಿಂದಲೇ ಓಡಿಸಬಹುದು. ಹರಿಯಬಹುದಾದ ಡಯಾಫ್ರಂ ಅಲ್ಲಿಲ್ಲದ ಕಾರಣ ಆಯಿಲ್‌ಗೆ ಪೆಟ್ರೋಲ್ ಸೇರುವ ಆ ದಾರಿಯೂ ಮುಚ್ಚಿತು. ಇಲ್ಲಿ ಮೇಲೆ ಹೇಳಿದ ಸುರಕ್ಷತಾ ಸ್ವಿಚ್‌ಗಳು ಕಡ್ಡಾಯ.

*ಎರಡೂ ಸದಾ ಓಡುತ್ತಿರಲಿ.* ಗ್ಯಾರೇಜುಗಳಲ್ಲಿ ಸುಲಭವಾಗಿ ಮಾಡಿಕೊಡುವುದು ಇದನ್ನೇ. ನಾಲ್ಕರಲ್ಲಿ ಕೊನೆಯ ಆಯ್ಕೆಯಾಗಬೇಕಾದದ್ದೂ ಇದೇ.

ಯಾವುದನ್ನೇ ಮಾಡಿದರೂ ಕೆಲವು ಮಾತುಗಳು ಸಾಮಾನ್ಯ. ಪಂಪ್‌ನ ಒತ್ತಡ ನಿಮ್ಮ ಕಾರ್ಬ್ಯುರೇಟರ್‌ಗೆ ಹೊಂದುವಂತಿರಲಿ. ಹೊಂದದಿದ್ದರೆ ಕಾರ್ಬ್ಯುರೇಟರ್‌ಗೆ ಮೊದಲು ರೆಗ್ಯುಲೇಟರ್ ಹಾಕಿ, ಅದರ ಡಯಲ್ ನಂಬದೆ ಗೇಜ್‌ನಿಂದ ಅಳೆಯಿರಿ. ಪಂಪ್‌ಗೆ ಮೊದಲು ಫಿಲ್ಟರ್, ವೈರಿಗೆ ಸರಿಯಾದ ಫ್ಯೂಸ್ ಇರಲಿ. ಪಂಪ್ ಅನ್ನು ಕಾರಿನ ಒಳಗೆ ಅಥವಾ ಡಿಕ್ಕಿಯೊಳಗೆ ಹಾಕಬೇಡಿ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಅರ್ತ್ ಆಗಿರುವುದುಂಟು, ಕೆಲವು ಕಾರುಗಳದ್ದು 6 ವೋಲ್ಟ್ ಬ್ಯಾಟರಿ. ಇಂದಿನ ಎಲೆಕ್ಟ್ರಾನಿಕ್ ಪಂಪ್ ಅನ್ನು ತಿರುವುಮುರುವಾಗಿ ಜೋಡಿಸಿದರೆ ಕ್ಷಣದಲ್ಲಿ ಸುಟ್ಟುಹೋಗಬಹುದು. ಕೊಳ್ಳುವ ಮುನ್ನ ಇವೆರಡನ್ನೂ ನೋಡಿಕೊಳ್ಳಿ.

ಈಗಾಗಲೇ ಎರಡು ಪಂಪ್ ಇದ್ದರೆ ಮಾಡಬೇಕಾದ ಪರೀಕ್ಷೆ

ಇದಕ್ಕೆ ಮೆಕ್ಯಾನಿಕ್ ಬೇಕಿಲ್ಲ. ತಿಂಗಳಿಗೊಮ್ಮೆ ಹೀಗೆ ಮಾಡಿ.

1. ಇಂಜಿನ್ ತಣ್ಣಗಿರುವಾಗ ಡಿಪ್‌ಸ್ಟಿಕ್ ತೆಗೆದು ನೋಡಿ. ಆಯಿಲ್ ಮಟ್ಟ ನೀವು ಹಾಕದೆಯೇ ಏರಿದ್ದರೆ ಅಥವಾ ಆಯಿಲ್‌ಗೆ ಪೆಟ್ರೋಲ್ ವಾಸನೆ ಇದ್ದರೆ ಕಾರನ್ನು ಸ್ಟಾರ್ಟ್ ಮಾಡಬೇಡಿ. ಕಾರಣ ಪತ್ತೆಹಚ್ಚಿ, ಪಂಪ್ ಸರಿಪಡಿಸಿ, ಆಯಿಲ್ ಬದಲಿಸಿದ ಮೇಲೆಯೇ ಓಡಿಸಿ. ಆಯಿಲ್ ತಾನಾಗಿ ಹೆಚ್ಚುವುದು ಎಂದಿಗೂ ಒಳ್ಳೆಯ ಸುದ್ದಿಯಲ್ಲ.

2. ಎಲೆಕ್ಟ್ರಿಕ್ ಪಂಪ್ ಮಾತ್ರ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ ಸದ್ದು ಕೇಳಿ. ಟಿಕ್ ಟಿಕ್ ಎನ್ನುವ ಪಂಪ್ ಆದರೆ ಕೆಲವು ಸೆಕೆಂಡುಗಳಲ್ಲಿ ನಿಧಾನವಾಗಬೇಕು. ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದೂ ಒಂದೇ ಸಮನೆ ವೇಗವಾಗಿ ಬಡಿಯುತ್ತಿದ್ದರೆ ಪೆಟ್ರೋಲ್ ಎಲ್ಲಿಗೋ ಹೋಗುತ್ತಿದೆ ಅಥವಾ ಗಾಳಿ ಒಳಬರುತ್ತಿದೆ ಎಂದರ್ಥ. ಕೂಡಲೇ ಆಫ್ ಮಾಡಿ, ಹೋಸ್‌ಗಳನ್ನು ನೋಡಿ.

3. ಎಲೆಕ್ಟ್ರಿಕ್ ಪಂಪ್ ಆಫ್ ಮಾಡಿ ಐದು ಹತ್ತು ಕಿಲೋಮೀಟರ್ ಓಡಿಸಿ. ಕಾರು ಎಂದಿನಂತೆ ಓಡಿದರೆ ಮೆಕ್ಯಾನಿಕಲ್ ಪಂಪ್ ಚೆನ್ನಾಗಿದೆ. ಸೋತರೆ, ಇಷ್ಟು ದಿನ ಎಲೆಕ್ಟ್ರಿಕ್ ಪಂಪ್ ಅದರ ಕೆಡುಕನ್ನು ಮುಚ್ಚಿಟ್ಟಿತ್ತು ಎಂದು ತಿಳಿಯಿರಿ.

4. ಇಂಜಿನ್ ನಿಲ್ಲಿಸಿದ ಮೇಲೆ ಮೆಕ್ಯಾನಿಕಲ್ ಪಂಪ್‌ನ ಸುತ್ತ, ಕೆಳಗೆ ಒದ್ದೆಯಾಗಿದೆಯೇ ನೋಡಿ. ಇನರ್ಷಿಯಾ ಸ್ವಿಚ್ ಇದ್ದರೆ ಅದರ ತಯಾರಕರು ಹೇಳಿದಂತೆ ಬಿಡಿಸಿ, ಪಂಪ್ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ.

ಒಟ್ಟಿನಲ್ಲಿ, ಎರಡನೆಯ ಪಂಪ್ ಒಂದು ಸೌಕರ್ಯ. ಸ್ಟಾರ್ಟ್ ಮಾಡಲು, ಘಾಟಿ ಹತ್ತಲು ಅದು ಒದಗಿಬರುತ್ತದೆ. ಆದರೆ ಅದು ಮೊದಲನೆಯದರ ರಿಪೇರಿಗೆ ಬದಲಿಯಲ್ಲ. ಗ್ಯಾರೇಜಿನಲ್ಲಿ “ಜೊತೆಗೊಂದು ಹಾಕಿಬಿಡೋಣ” ಎಂದರೆ ಎರಡು ಪ್ರಶ್ನೆ ಕೇಳಿ: ಹಳೆಯ ಪಂಪ್‌ನ ಡಯಾಫ್ರಂ ಬದಲಿಸಿದ್ದೀರಾ? ಇಂಜಿನ್ ನಿಂತರೆ ಹೊಸ ಪಂಪ್ ತಾನಾಗಿ ನಿಲ್ಲುತ್ತದೆಯೇ? ಎರಡಕ್ಕೂ ‘ಹೌದು’ ಎಂಬ ಉತ್ತರ ಬಂದರೆ ಹಾಕಿಸಿಕೊಳ್ಳಿ.